ಒಂದೇ ಚೀಲದಲ್ಲಿ ಎರಡು ಪ್ರತಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಒಂದು ಸಲ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಬಳೆ ಅಂಗಡಿಯ ಮುಂದೆ ಕೂತು ಕೈ ಚಾಚಿದ ಅಜ್ಜಿ, ತೊಟ್ಟಿಲ ಮೇಲಿಂದ ಕಂಡ ಊರು, ರಾತ್ರಿಯ ಸಾಲು ದೀಪ. ನಾಲ್ಕು ದಿನದಲ್ಲಿ ಸುಮಾರು ಆರುನೂರು ಫೋಟೊ ತೆಗೆದಿದ್ದೆ. ದಿನಾ ಮಲಗುವ ಮುಂಚೆ ಮೆಮೊರಿ ಕಾರ್ಡ್‌ನಲ್ಲಿದ್ದದ್ದನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ನಕಲು ಮಾಡುತ್ತಿದ್ದೆ. ಬ್ಯಾಕಪ್ ಇದೆ ಎಂಬ ನೆಮ್ಮದಿ ಇತ್ತು. ಬೆಂಗಳೂರಿಗೆ ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ಚೀಲ ಕಳುವಾಯಿತು. ಕ್ಯಾಮೆರಾ, ಕಾರ್ಡ್, ಹಾರ್ಡ್ ಡಿಸ್ಕ್ ಮೂರೂ ಅದರಲ್ಲೇ ಇದ್ದವು.

ಪ್ರತಿಗಳು ಎರಡಿದ್ದವು, ನಿಜ. ಆದರೆ ಎರಡೂ ಒಂದೇ ಕಾರಣಕ್ಕೆ ಹೋಗಬಹುದಿತ್ತು. ಹೋದವು.

ಇದರ ಹಿಂದೆ ಒಂದು ಸಣ್ಣ ಲೆಕ್ಕ ಇದೆ. ಒಂದು ಪ್ರವಾಸದಲ್ಲಿ ಕಾರ್ಡ್ ಕೈಕೊಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಸುಮ್ನೆ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕ್‌ಗೂ ಅಷ್ಟೇ. ಎರಡೂ ಒಟ್ಟಿಗೆ ಹೋಗುವ ಸಾಧ್ಯತೆ ನೂರನ್ನು ನೂರರಿಂದ ಗುಣಿಸಿದಷ್ಟು ಕಡಿಮೆ, ಅಂದರೆ ಹತ್ತು ಸಾವಿರಕ್ಕೆ ಒಂದು. ಆದರೆ ಈ ಗುಣಾಕಾರ ನಡೆಯುವುದು ಒಂದರ ಕಷ್ಟ ಇನ್ನೊಂದಕ್ಕೆ ತಟ್ಟದೆ ಇದ್ದಾಗ ಮಾತ್ರ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಕಳ್ಳನಿಗೆ, ಮಳೆಗೆ, ಮರೆವಿಗೆ ಅದು ಒಂದೇ ವಸ್ತು. ಗುಣಿಸಲು ಎರಡನೇ ಅಂಕಿಯೇ ಇಲ್ಲ.

ಆಮೇಲೆ ನಾನು ಈ ವಿಷಯವನ್ನು ಗಂಭೀರವಾಗಿ ಓದಲು ಶುರು ಮಾಡಿದೆ. ಮೊದಲು ತಿಳಿಯಬೇಕಿದ್ದದ್ದು ಉಗುರಿನಷ್ಟು ಕಾರ್ಡ್‌ನಲ್ಲಿ ಫೋಟೊ ಹೇಗೆ ಕೂತಿರುತ್ತದೆ ಎಂಬುದು.

ಕಾರ್ಡ್‌ನ ಚಿಪ್‌ನಲ್ಲಿ ಕೋಟಿಗಟ್ಟಲೆ ಪುಟ್ಟ ಕೋಶಗಳಿವೆ. ಒಂದೊಂದೂ ಒಂದು ಕೋಣೆ ಅಂದುಕೊಳ್ಳಿ. ಬಾಗಿಲಿಲ್ಲ, ಕಿಟಕಿಯಿಲ್ಲ. ಸುತ್ತ ಗಾಜಿನ ಜಾತಿಯ ವಸ್ತುವಿನ ಗೋಡೆ. ಆ ಗೋಡೆಯ ದಪ್ಪ ಸುಮಾರು 8 ನ್ಯಾನೋಮೀಟರ್, ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲು. ಸುಮಾರು 20 ವೋಲ್ಟ್ ಒತ್ತಡ ಕೊಟ್ಟರೆ ಎಲೆಕ್ಟ್ರಾನ್‌ಗಳು ಗೋಡೆಯನ್ನು ಒಡೆಯದೆಯೇ ಅದರ ಮೂಲಕ ತೂರಿ ಒಳಗೆ ಸೇರುತ್ತವೆ. ಕ್ವಾಂಟಮ್ ಲೋಕದಲ್ಲಿ ಇದು ಸಾಧ್ಯ, ಇದಕ್ಕೆ ಟನಲಿಂಗ್ ಎನ್ನುತ್ತಾರೆ. ವೋಲ್ಟೇಜ್ ತೆಗೆದರೆ ಅವು ಅಲ್ಲೇ ಬಂದಿ. ಕರೆಂಟ್ ಇಲ್ಲದಿದ್ದರೂ ಇರುತ್ತವೆ. ಕೋಣೆಯಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಎಂಬುದೇ ಅಲ್ಲಿ ಬರೆದ ಅಕ್ಷರ. ಅಜ್ಜಿಯ ಬಳೆಯ ಹಸಿರು ಬಣ್ಣವೂ ಕೊನೆಗೆ ಇಂಥ ಕೋಣೆಗಳ ಲೆಕ್ಕವೇ.

ಈ ಕೋಣೆಯ ಯೋಚನೆ 1967ರದ್ದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಅದನ್ನು ಮುಂದಿಟ್ಟರು. ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಅದನ್ನು ಇಂದಿನ ಫ್ಲ್ಯಾಶ್ ಮೆಮೊರಿಯಾಗಿ ಬೆಳೆಸಿದರು. ಕೋಣೆಗಳನ್ನು ಒಂದೊಂದಾಗಿ ಅಲ್ಲ, ಸಾಲುಸಾಲಾಗಿ ಒಂದೇ ಏಟಿಗೆ ಖಾಲಿ ಮಾಡುವ ವಿಧಾನ ಅದು. ಅದನ್ನು ನೋಡಿದ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಹೆಸರು ಬಂದದ್ದು ಹಾಗೆ. ಫೋಟೊಗಳೆಲ್ಲ ಕೊನೆಗೆ ಇದರಲ್ಲೇ ಬಂದು ಕೂತವು ನೋಡಿ!

ಮೊದಮೊದಲು ಕೋಣೆ ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಿದರೆ ಸಾಕಿತ್ತು. ಈಗ ಅಗ್ಗದ ಕಾರ್ಡ್‌ಗಳಲ್ಲಿ ಒಂದೇ ಕೋಣೆಯಲ್ಲಿ ಮೂರು ಬಿಟ್ (ಒಂದು ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು) ತುಂಬುತ್ತಾರೆ. ಅದಕ್ಕೆ ಎಂಟು ಮಟ್ಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ನಾಲ್ಕು ಬಿಟ್ ಆದರೆ ಹದಿನಾರು ಮಟ್ಟ. ಮಟ್ಟಗಳ ನಡುವಿನ ಅಂತರ ಬಹಳ ಕಿರಿದು. ಸ್ವಲ್ಪ ಎಲೆಕ್ಟ್ರಾನ್ ಸೋರಿದರೂ ಐದು ಇದ್ದದ್ದು ನಾಲ್ಕಾಗಿ ಓದುತ್ತದೆ. ಸೋರಿಕೆ ಇದ್ದೇ ಇದೆ. ಬಿಸಿಯಲ್ಲಿ ಜಾಸ್ತಿ. ಬರೆದು ಅಳಿಸಿ ಮಾಡಿದಷ್ಟೂ ಗೋಡೆ ಸವೆಯುತ್ತದೆ, ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕಾರ್ಡ್ ಬಿಟ್ಟು ಹೋಗಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಾಗಾದರೆ ಫೋಟೊ ನಿಧಾನವಾಗಿ ಮಸುಕಾಗಬೇಕಿತ್ತು ಅಲ್ವಾ? ಆಗುವುದಿಲ್ಲ. ಕಾರಣ, ಕಾರ್ಡ್ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ದಿನಸಿ ಅಂಗಡಿಯ ಚೀಟಿ ನೆನಪಿಸಿಕೊಳ್ಳಿ. ಹತ್ತು ಸಾಮಾನಿನ ಬೆಲೆ, ಕೆಳಗೆ ಒಟ್ಟು ಮೊತ್ತ. ನೀರು ಬಿದ್ದು ಒಂದು ಬೆಲೆ ಅಳಿಸಿಹೋದರೂ ಮೊತ್ತದಿಂದ ಅದನ್ನು ಕಂಡುಹಿಡಿಯಬಹುದು. ಕಾರ್ಡ್ ಕೂಡ ಪ್ರತಿ ತುಣುಕಿನ ಜೊತೆ ಇಂಥ ಹೆಚ್ಚುವರಿ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ತೋರಿಸಿದ ದಾರಿ ಇದು. ಈಗಿನ ಲೆಕ್ಕ ಇನ್ನೂ ಚುರುಕು. ಆದರೆ ಚೀಟಿಯಲ್ಲಿ ಎರಡು ಮೂರು ಸಾಲು ಅಳಿಸಿದರೆ ಮೊತ್ತದಿಂದ ಪ್ರಯೋಜನವಿಲ್ಲ. ಕಾರ್ಡ್‌ಗೂ ಅಂಥ ಮಿತಿ ಇದೆ. ಮಿತಿ ದಾಟುವ ತನಕ ಫೋಟೊ ಹೊಸದರಂತೆ ಕಾಣುತ್ತದೆ. ದಾಟಿದ ದಿನ ತೆರೆಯುವುದೇ ಇಲ್ಲ. ಹಳೆಯ ಪ್ರಿಂಟ್ ಬಣ್ಣ ಮಾಸುತ್ತಾ ವರ್ಷಗಟ್ಟಲೆ ಮುನ್ಸೂಚನೆ ಕೊಡುತ್ತಿತ್ತು. ಕಾರ್ಡ್ ಕೊಡುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ ಇದು. ಈವರೆಗೆ ಚೆನ್ನಾಗಿತ್ತು ಎಂಬುದು ನಾಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಡಿಲೀಟ್ ಬಗ್ಗೆಯೂ ಒಂದು ಮಾತು. ಕ್ಯಾಮೆರಾದ ಕಾರ್ಡ್‌ನಲ್ಲಿ ಫೋಟೊ ಅಳಿಸಿದರೆ ಸಾಮಾನ್ಯವಾಗಿ ಫೋಟೊ ಹೋಗುವುದಿಲ್ಲ, ಪರಿವಿಡಿಯಲ್ಲಿ ಅದರ ಹೆಸರಿಗೆ ಅಳಿಸಿದ ಗುರುತು ಬೀಳುತ್ತದೆ ಅಷ್ಟೆ. ಆ ಜಾಗದಲ್ಲಿ ಹೊಸದು ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಹಾಗಾಗಿ ತಪ್ಪಿ ಅಳಿಸಿದ ಕೂಡಲೇ ಮಾಡಬೇಕಾದ ಕೆಲಸ ಒಂದೇ: ಕಾರ್ಡ್ ಹೊರಗೆ ತೆಗೆದು ಪಕ್ಕಕ್ಕಿಡಿ, ಇನ್ನೊಂದು ಕ್ಲಿಕ್ಕೂ ಬೇಡ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಪರಿವಿಡಿಯನ್ನು ನಂಬದೆ ಇಡೀ ಕಾರ್ಡ್ ಹುಡುಕುತ್ತದೆ. ಪ್ರತಿ ಜೆಪೆಗ್ ಫೋಟೊ ಒಂದೇ ಬಗೆಯ ಮೂರು ಬೈಟ್‌ಗಳಿಂದ ಶುರುವಾಗುತ್ತದೆ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಆ ಗುರುತು ಸಿಕ್ಕಲ್ಲಿಂದ ಎತ್ತಿಕೊಳ್ಳುತ್ತದೆ. ಫೋನ್‌ನ ಒಳಗಿನ ಮೆಮೊರಿಯಲ್ಲಿ ಈ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಎಲ್ಲವೂ ಗುಪ್ತಲಿಪಿಯಲ್ಲಿರುತ್ತದೆ. ಫೋನ್‌ನ ಕಸದ ಬುಟ್ಟಿ ಖಾಲಿಯಾದ ಮೇಲೆ ದಾರಿ ಇಲ್ಲದಷ್ಟೇ ಕಷ್ಟ.

ಎರಡು ವರ್ಷದ ನಂತರ ಗೆಳೆಯರ ಜೊತೆ ಲಡಾಖ್‌ಗೆ ಹೊರಟೆವು. ಗುರಿ ಹಾನ್ಲೆ. ಅಲ್ಲಿನ ಆಕಾಶದಷ್ಟು ಕಪ್ಪು ಆಕಾಶ ನಮ್ಮ ದೇಶದಲ್ಲಿ ಸಿಗುವುದು ಅಪರೂಪ. ಹಾಲುಹಾದಿಯ ಫೋಟೊ ತೆಗೆಯುವ ಆಸೆ. ಹೊಸ ಹಾರ್ಡ್ ಡಿಸ್ಕ್ ಕೊಳ್ಳಲು ಹೊರಟವನು ಅದರ ವಿವರಪಟ್ಟಿಯ ಕೊನೆಯ ಸಾಲು ಓದಿ ನಿಂತೆ. ಬಳಸಬಹುದಾದ ಗರಿಷ್ಠ ಎತ್ತರ: ಸುಮಾರು 3,000 ಮೀಟರ್.

ಹಾರ್ಡ್ ಡಿಸ್ಕ್‌ಗೆ ಎತ್ತರದ ಗೊಡವೆ ಏಕೆ? ಒಳಗೆ ಒಂದು ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತದೆ. ಓದುವ ಮುಳ್ಳು ಅದನ್ನು ಮುಟ್ಟುವುದಿಲ್ಲ. ತಟ್ಟೆಯ ಜೊತೆ ಸುತ್ತುವ ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಅದನ್ನು ಎತ್ತಿ ಹಿಡಿಯುವುದು ಗಾಳಿಯೇ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಹಾನ್ಲೆಯ ಬೆಟ್ಟದ ಮೇಲಿನ ವೀಕ್ಷಣಾಲಯ 4,500 ಮೀಟರ್‌ನಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ಕ್ಕಿಂತಲೂ ಸ್ವಲ್ಪ ಕಡಿಮೆ. ತೆಳು ಗಾಳಿಯಲ್ಲಿ ನಮಗೆ ಏದುಸಿರು ಬರುತ್ತದೆ. ಮುಳ್ಳು ಕೆಳಗಿಳಿಯುತ್ತದೆ. ತಟ್ಟೆಗೆ ತಗುಲಿದರೆ ಫೋಟೊ ಇದ್ದ ಪದರವೇ ಕೆರೆದುಹೋಗುತ್ತದೆ. ಆಫ್ ಮಾಡಿಟ್ಟ ಡಿಸ್ಕ್‌ಗೆ ಏನೂ ಆಗದು. ಓಡಿಸಿದರೆ ಅಪಾಯ. ಅಂದರೆ ಬ್ಯಾಕಪ್ ಮಾಡುವ ಹೊತ್ತಿನಲ್ಲೇ ಅಪಾಯ! ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಕಾರ್ಡ್‌ನಂತೆ ಅದೂ ಫ್ಲ್ಯಾಶ್. ಗುಡ್ಡಗಾಡಿಗೆ ಅದೇ ಸರಿ. ನಾನು ಅದನ್ನೇ ಕೊಂಡೆ.

ಇದೇ ತೊಂದರೆ ದೊಡ್ಡ ವಿಜ್ಞಾನಿಗಳಿಗೂ ಎದುರಾಗಿದೆ. ಕಪ್ಪುಕುಳಿಯ ಮೊದಲ ಚಿತ್ರಕ್ಕಾಗಿ 2017ರ ಏಪ್ರಿಲ್‌ನಲ್ಲಿ ಭೂಮಿಯ ಬೇರೆ ಬೇರೆ ಕಡೆಯ ಎಂಟು ದೂರದರ್ಶಕಗಳು ಒಟ್ಟಿಗೆ ಕೆಲಸ ಮಾಡಿದವು. ಅವುಗಳಲ್ಲಿ ಹಲವು ಎತ್ತರದ ಬೆಟ್ಟಗಳ ಮೇಲಿವೆ. ಮಾಮೂಲಿ ಡಿಸ್ಕ್‌ಗಳು ಅಲ್ಲಿ ನಿಲ್ಲುವುದಿಲ್ಲವೆಂದು ಹೀಲಿಯಂ ತುಂಬಿ ಗಟ್ಟಿಯಾಗಿ ಮುಚ್ಚಿದ ಡಿಸ್ಕ್‌ಗಳನ್ನು ಬಳಸಿದರು. ಹೊರಗಿನ ಗಾಳಿ ಎಷ್ಟೇ ತೆಳುವಾಗಿದ್ದರೂ ಒಳಗಿನ ಅನಿಲ ಹಾಗೆಯೇ ಇರುತ್ತದೆ. ಒಟ್ಟು ದತ್ತಾಂಶ ಸುಮಾರು 5 ಪೆಟಾಬೈಟ್, ಅಂದರೆ 50 ಲಕ್ಷ ಜಿಬಿ, ಡಿಸ್ಕ್‌ಗಳ ತೂಕ ಅರ್ಧ ಟನ್. ಇಂಟರ್ನೆಟ್‌ನಲ್ಲಿ ಕಳಿಸಲು ಆಗದ ಮಾತು. ವಿಮಾನದಲ್ಲಿ ತಂದರು. ದಕ್ಷಿಣ ಧ್ರುವದ ಡಿಸ್ಕ್‌ಗಳಿಗಾಗಿ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವ ತನಕ ಕಾಯಬೇಕಾಯಿತು. ಅವು ಬಂದು ಸೇರಿದ್ದು ಡಿಸೆಂಬರ್‌ನಲ್ಲಿ.

ಹಾನ್ಲೆಯ ಕಥೆ ಬೇರೆ, ನಮಗೆ ಹತ್ತಿರದ್ದು. ಅಲ್ಲಿನ 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಹೊಸಕೋಟೆಯ ಬಳಿ ಕೂತು, ಉಪಗ್ರಹ ಸಂಪರ್ಕದ ಮೂಲಕ ಅದನ್ನು ಆಕಾಶದತ್ತ ತಿರುಗಿಸುತ್ತಾರೆ. ಮೈ ಕೊರೆಯುವ ಚಳಿಯಲ್ಲಿ ಬೆಟ್ಟದ ಮೇಲೆ ಹಿಡಿದ ಬೆಳಕು ಹೊಸಕೋಟೆಯ ಪರದೆಗೆ ಬರುತ್ತದೆ. ಅದನ್ನು ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ.

ನಮಗೆ ಉಪಗ್ರಹ ಇಲ್ಲ, ಕ್ಲೌಡ್ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕೋಣ. ನನ್ನ ಕ್ಯಾಮೆರಾದ ಒಂದು ರಾ ಫೈಲ್ (ಜೆಪೆಗ್ ಆಗಿ ಕುಗ್ಗಿಸುವ ಮುಂಚಿನ ಮೂಲ ಫೋಟೊ) ಸುಮಾರು 25 ಎಂಬಿ. ಸಾವಿರ ಫೋಟೊಗೆ 25 ಜಿಬಿ. ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೆ, ಅದೂ ತಡೆಯಿಲ್ಲದೆ ಸಿಕ್ಕರೆ, ಹನ್ನೊಂದು ತಾಸು ಬೇಕು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬನ ಹತ್ತಿರ ಮಾತ್ರ ಪೋಸ್ಟ್‌ಪೇಯ್ಡ್ ಇತ್ತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್‌ನಲ್ಲೇ ಮುಗಿದಿದೆ. ಈಗ ಉಚಿತ ಸಿಗುವುದು 15 ಜಿಬಿ, ಅದರಲ್ಲೇ ಇಮೇಲ್ ಕೂಡ.

ಇನ್ನೊಂದು ಎಚ್ಚರ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಅಂದರೆ ಎರಡೂ ಕಡೆ ಸದಾ ಒಂದೇ ಥರ ಇರುವಂತೆ ನೋಡಿಕೊಳ್ಳುವುದು. ಸಿಂಕ್ ಆಗಿರುವ ಫೋನ್‌ನಲ್ಲಿ ಜಾಗ ಸಾಲದೆಂದು ಫೋಟೊ ಅಳಿಸಿದರೆ ಕ್ಲೌಡ್‌ನಲ್ಲಿದ್ದದ್ದೂ ಅಳಿಯುತ್ತದೆ. ಬುಟ್ಟಿಯಲ್ಲಿ ಕೆಲವು ದಿನ ಇದ್ದು ಆಮೇಲೆ ಪೂರ್ತಿ ಹೋಗುತ್ತದೆ. ಊರುಗಳೇ ಬೇರೆಯಾದರೂ ಎರಡು ಪ್ರತಿಗೂ ಬೆರಳು ಒಂದೇ. ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇನೆ, ಅಲ್ಲಿ ಇರುತ್ತೆ ಬಿಡು ಎಂದು ಸುಮಾರು ಜನ ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ಅದನ್ನು ನಂಬಬೇಡಿ. ಸಾಮಾನ್ಯವಾಗಿ ಕಳಿಸಿದ ಫೋಟೊದ ಉದ್ದನೆಯ ಅಂಚು 1,600 ಪಿಕ್ಸೆಲ್‌ಗೆ ಇಳಿಯುತ್ತದೆ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಉಳಿಯುವುದು ಆರನೇ ಒಂದು ಭಾಗ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲ್ ಹಾಗೇ ಹೋಗುತ್ತದೆ.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಮನೆಯಲ್ಲಿ ಇದನ್ನು ಪಾಲಿಸುವುದು ಸುಲಭ. ದಾರಿಯಲ್ಲಿ ನನ್ನ ಮಟ್ಟಿಗೆ ಆ ಕೊನೆಯ ಒಂದೇ ಎಲ್ಲಕ್ಕಿಂತ ಮುಖ್ಯ.

ಹಾನ್ಲೆಯಲ್ಲಿ ಮೂರು ರಾತ್ರಿ ಇದ್ದೆವು. ಬೆಳಗಿನ ಜಾವ ಎರಡಕ್ಕೆ ಹೋಂಸ್ಟೇಗೆ ಬಂದು, ಕೈ ಕಾಯಿಸಿಕೊಂಡು, ಕಾರ್ಡ್‌ನಿಂದ ಎಸ್‌ಎಸ್‌ಡಿಗೆ ನಕಲು. ಎರಡೂ ಕಡೆ ಫೈಲ್‌ಗಳ ಸಂಖ್ಯೆ ತಾಳೆ ನೋಡಿ, ನಾಲ್ಕಾರು ಫೋಟೊ ತೆರೆದು ನೋಡುವ ತನಕ ಮಲಗುತ್ತಿರಲಿಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡುತ್ತಿರಲಿಲ್ಲ, ತುಂಬಿದರೆ ಹೊಸ ಕಾರ್ಡ್. ಕಾರ್ಡ್‌ಗಳು ನನ್ನ ಒಳಜೇಬಿನಲ್ಲಿ, ಎಸ್‌ಎಸ್‌ಡಿ ಗೆಳತಿಯ ಚೀಲದಲ್ಲಿ. ಕೊನೆಯ ರಾತ್ರಿ ಎಲ್ಲವನ್ನೂ ಇನ್ನೊಂದು ಮೈಕ್ರೊ ಎಸ್‌ಡಿ ಕಾರ್ಡ್‌ಗೂ ಹಾಕಿದೆ.

ನಾವು ಮೂವರು ಮನಾಲಿ ದಾರಿಯಲ್ಲಿ ಇಳಿಯುವವರು. ನಾಲ್ಕನೆಯವನು ರಜೆ ಮುಗಿದು ಲೇಹ್‌ನಿಂದ ವಿಮಾನ ಹತ್ತುವವನಿದ್ದ. ಆ ಪುಟ್ಟ ಕಾರ್ಡನ್ನು ಅವನ ಪರ್ಸಿಗೆ ಹಾಕಿ ಕಳಿಸಿದೆ. ಏರ್‌ಪೋರ್ಟ್‌ನ ಎಕ್ಸ್‌ರೇಯಲ್ಲಿ ಹಾಳಾಗುವುದಿಲ್ಲವಾ ಎಂದು ಕೇಳಿದ. ಹಳೆಯ ರೀಲಿಗೆ ಆ ಭಯ ಇತ್ತು, ಕಾರ್ಡ್‌ಗೆ ಅಲ್ಲಿನ ಎಕ್ಸ್‌ರೇ ಏನೂ ಮಾಡದು ಎಂದೆ. ಮರುದಿನ ಸರ್ಚು ದಾಟಿ ಕೇಲಾಂಗ್‌ಗೆ ಬಂದಾಗ ಫೋನ್‌ಗೆ ಸಿಗ್ನಲ್ ಸಿಕ್ಕಿತು. ಅವನ ಸಂದೇಶ ಕಾಯುತ್ತಿತ್ತು: ಮನೆ ತಲುಪಿದೆ, 1,184 ಫೈಲ್, ಎಲ್ಲ ತೆರೆಯುತ್ತಿವೆ.