ಸಹಿ ಇಲ್ಲ, ಒಪ್ಪಂದ ಇಲ್ಲ, ಮ್ಯೂನಿಕ್ ಭಾಷಣಕ್ಕೆ ಯಾಕಿಷ್ಟು ಸದ್ದು?

ಮಂಡ್ಯದ ಓದುಗರೊಬ್ಬರ ಪ್ರಶ್ನೆ ಇದು. ಮೈಸೂರಿನಲ್ಲೂ ಆಗಾಗ ಕಿವಿಗೆ ಬೀಳುತ್ತದೆ. "ಮ್ಯೂನಿಕ್ ಭದ್ರತಾ ಸಮ್ಮೇಳನದಲ್ಲಿ ಯಾರೋ ಮಾತಾಡಿದರೆ ಟಿವಿಯವರು ವಾರಗಟ್ಟಲೆ ಅದನ್ನೇ ಎಳೆಯುತ್ತಾರಲ್ಲ, ಅಲ್ಲಿ ಏನಾದರೂ ತೀರ್ಮಾನ ಆಗುತ್ತಾ?"

ಆಗಲ್ಲ. ಮತದಾನ ಇಲ್ಲ, ನಿರ್ಣಯ ಇಲ್ಲ, ಕೊನೆಗೊಂದು ಜಂಟಿ ಹೇಳಿಕೆಯೂ ಇಲ್ಲ. ದೇಶದೇಶದ ನಾಯಕರು ಭದ್ರತೆಯ ಬಗ್ಗೆ ಮಾತಾಡೋಕೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸೇರುವ, 1963ರಲ್ಲಿ ಶುರುವಾದ ಸಭೆ ಇದು. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಒಂದು ಹೋಟೆಲಿನಲ್ಲಿ ಸೇರುತ್ತಾರೆ, ಮಾತಾಡುತ್ತಾರೆ, ಎದ್ದು ಹೋಗುತ್ತಾರೆ.

ಆದರೆ ಕೆಆರ್‌ಎಸ್‌ನಿಂದ ಎಷ್ಟು ನೀರು ಬಿಡಬೇಕು ಅನ್ನೋದೂ ಮಂಡ್ಯದ ಸಂಜಯ ವೃತ್ತದಲ್ಲಿ ತೀರ್ಮಾನ ಆಗಲ್ಲ, ದೆಹಲಿಯಲ್ಲಿ ಆಗುತ್ತದೆ. ಆದರೂ ಆ ವೃತ್ತದಲ್ಲಿ ರೈತರ ಎದುರು ನಿಂತು ಮಾತಾಡಿದ ಮುಖಂಡ ಆಮೇಲೆ ಆ ಮಾತು ನುಂಗೋದು ಕಷ್ಟ, ಅಲ್ವಾ?

ಮ್ಯೂನಿಕ್‌ನಲ್ಲೂ ಅಷ್ಟೇ. 2007ರ ಫೆಬ್ರವರಿ 10ರಂದು ರಷ್ಯಾದ ಅಧ್ಯಕ್ಷ ಪುಟಿನ್ ಅಲ್ಲಿ ಮಾಡಿದ ಭಾಷಣ ನೋಡಿ. ಇಂಥ ಸಭೆಯಲ್ಲಿ ಜಾಸ್ತಿ ನಯನಾಜೂಕು ಬೇಕಿಲ್ಲ ಅಂತಲೇ ಶುರುಮಾಡಿದರು. ಒಬ್ಬನೇ ಯಜಮಾನ ಇರುವ ಜಗತ್ತು ಒಪ್ಪಿಗೆಯಿಲ್ಲ ಅಂದರು, ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟ ನೇಟೋ ಪೂರ್ವಕ್ಕೆ ಬೆಳೆಯುತ್ತಿರುವುದು ಕೆಣಕುವ ಕೆಲಸ ಅಂದರು, ಅದೂ ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್, ಅಮೆರಿಕದ ಆಗಿನ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಎದುರಿಗೇ. ಮಾರನೇ ದಿನ ಗೇಟ್ಸ್, ಒಂದು ಶೀತಲ ಸಮರವೇ ಸಾಕಾಗಿತ್ತು ಅಂತ ತೇಲಿಸಿಬಿಟ್ಟರು.

ಮುಂದಿನ ವರ್ಷ, 2008ರ ಏಪ್ರಿಲ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ನೇಟೋ, ಉಕ್ರೇನ್ ಮತ್ತು ಜಾರ್ಜಿಯಾ ಎಂದಾದರೂ ಸದಸ್ಯರಾಗುತ್ತವೆ ಅಂತ ಘೋಷಿಸಿತು. ಅದೇ ಆಗಸ್ಟ್‌ನಲ್ಲಿ ರಷ್ಯಾ-ಜಾರ್ಜಿಯಾ ಯುದ್ಧ. 2014ರಲ್ಲಿ ರಷ್ಯಾ ಉಕ್ರೇನ್‌ನ ಕ್ರಿಮಿಯಾ ಕಿತ್ತುಕೊಂಡಿತು, 2022ರಲ್ಲಿ ಇಡೀ ಉಕ್ರೇನ್ ಮೇಲೆ ದಾಳಿ. ಪುಟಿನ್ ಅವತ್ತೇ ಯುದ್ಧ ಸಾರಿದ್ದರು ಅಂತ ಈಗ ಕೆಲವರು ಹೇಳುತ್ತಾರೆ. ನನಗೆ ಅದು ಅತಿ ಅನ್ನಿಸುತ್ತದೆ. ಅವರು ಸಿಟ್ಟು ಎಷ್ಟಿದೆ ಅಂತ ತೋರಿಸಿದ್ದರು, ಏನು ಮಾಡುತ್ತೇನೆ ಅಂತ ಹೇಳಿರಲಿಲ್ಲ. ಕೇಳಿಸಿಕೊಂಡ ಜರ್ಮನಿಯೂ 2011ರಲ್ಲಿ ಸಮುದ್ರದಡಿಯ ಹೊಸ ಪೈಪಿನಲ್ಲಿ ರಷ್ಯಾದ ಗ್ಯಾಸ್ ತರಿಸಿಕೊಂಡಿತು!

ಇನ್ನೊಂದು ಭಾಷಣ 2022ರ ಫೆಬ್ರವರಿ 19ರದು. ಅಣ್ವಸ್ತ್ರ ಬಿಟ್ಟುಕೊಟ್ಟಿದ್ದಕ್ಕೆ 1994ರಲ್ಲಿ ನಮಗೆ ಕೊಟ್ಟ ಭದ್ರತೆಯ ಭರವಸೆ ಎಲ್ಲಿ ಅಂತ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಕೇಳಿದರು. ಸಭಿಕರು ಎದ್ದು ನಿಂತು ಚಪ್ಪಾಳೆ ಹೊಡೆದರು. ಐದನೇ ದಿನಕ್ಕೆ ಯುದ್ಧ. ಅದರ ಬಿಸಿ ನಮ್ಮ ಅಡುಗೆಮನೆಗೂ ತಟ್ಟಿತು, ಯಾಕಂದ್ರೆ ಭಾರತ ಸೂರ್ಯಕಾಂತಿ ಎಣ್ಣೆ ತರಿಸುತ್ತಿದ್ದದ್ದು ಹೆಚ್ಚಾಗಿ ಉಕ್ರೇನ್‌ನಿಂದಲೇ.

ಹಾಗಂತ ಎಲ್ಲ ಭಾಷಣಕ್ಕೂ ಇಷ್ಟು ತೂಕ ಇರಲ್ಲ. ಬಹುಪಾಲು ಸುಮ್ನೆ ಆಕಳಿಕೆ ತರಿಸುವಂಥವು. ಟಿವಿಯ ತುಣುಕು ಬಿಟ್ಟು, ಭಾಷಣ ಮುಗಿದ ಮೇಲಿನ ಪ್ರಶ್ನೋತ್ತರ ಕೇಳಿ. ಬರೆದುಕೊಂಡು ಬಂದದ್ದು ಖಾಲಿಯಾದ ಮೇಲೆ ನಿಜವಾದ ನಿಲುವು ಹೊರಬೀಳುತ್ತದೆ. 2024ರಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್, ಹಲವು ದಾರಿ ಇಟ್ಟುಕೊಳ್ಳುವಷ್ಟು ಜಾಣ ನಾನಾಗಿದ್ದರೆ ನೀವು ಮೆಚ್ಚಬೇಕು ಅಂದದ್ದು ಹಾಗೇ, ಅಮೆರಿಕದ ಸ್ನೇಹ, ರಷ್ಯಾದ ವ್ಯಾಪಾರ ಎರಡನ್ನೂ ಹೇಗೆ ನಿಭಾಯಿಸುತ್ತೀರಿ ಅನ್ನೋ ಪ್ರಶ್ನೆಗೆ ಉತ್ತರವಾಗಿ. ಅಮೆರಿಕದ ಆಗಿನ ವಿದೇಶಾಂಗ ಸಚಿವ ಬ್ಲಿಂಕನ್ ಅದೇ ವೇದಿಕೆಯಲ್ಲಿ ಕೂತಿದ್ದರು.