ಕೈ ನಡುಗದಿದ್ದರೂ ಪಾರ್ಕಿನ್‌ಸನ್ ಇರಬಹುದು

ಪಾರ್ಕಿನ್‌ಸನ್ ಅನುಮಾನ ಬಂದರೆ ಎಲ್ಲರೂ ಮೊದಲು ಕೈ ನೋಡುತ್ತಾರೆ. ನಡುಗುತ್ತಿಲ್ಲ ಎಂದರೆ ಸಮಾಧಾನ. ನಾನು ಮಾತ್ರ ತೋರುಬೆರಳನ್ನು ಹೆಬ್ಬೆರಳಿಗೆ ಬೇಗ ಬೇಗ ತಟ್ಟಲು ಹೇಳುತ್ತೇನೆ. ಮೊದಲ ನಾಲ್ಕೈದು ಸಲ ಚೆನ್ನಾಗಿಯೇ ಬರುತ್ತದೆ. ಆಮೇಲೆ ಬೆರಳು ತೆರೆಯುವುದು ಕಿರಿದಾಗುತ್ತದೆ, ನಡುವೆ ಗಕ್ಕನೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಈ ನಿಧಾನವೇ ರೋಗದ ತಿರುಳು. ಕೆಲವರಿಗೆ ನಡುಕ ಬರುವುದೇ ಇಲ್ಲ.

ಮನೆಯವರು "ಸೋಮಾರಿತನ ಜಾಸ್ತಿ ಆಯ್ತು" ಎನ್ನುತ್ತಾರೆ. ಪಾಪ, ರೋಗಿಯ ತೋಳಲ್ಲಿ ಶಕ್ತಿ ಇದೆ, ಮಾಡುವ ಮನಸ್ಸೂ ಇದೆ. ತೊಂದರೆ ಇರುವುದು ಮಿದುಳಿನ ಆಳದಲ್ಲಿ.

ಅಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತವೆ. ಲಕ್ಷಣ ಕಾಣುವ ಹೊತ್ತಿಗೆ ದೊಡ್ಡ ಪಾಲು ಹೋಗಿರುತ್ತದೆ. ಕೋಶ ಸತ್ತ ಮೇಲೆ ಮಿದುಳು ಮಂಕಾಗಬೇಕು ಅಲ್ವಾ? ಹಾಗಾಗುವುದಿಲ್ಲ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟಿನ ಕೋಶಗಳು ಇನ್ನಷ್ಟು ಜೋರಾಗುತ್ತವೆ. ಸಾಲದ್ದಕ್ಕೆ, ಭಜನೆಯಲ್ಲಿ ಎಲ್ಲರೂ ಒಂದೇ ತಾಳಕ್ಕೆ ಬಿದ್ದಂತೆ ಜೊತೆಯಾಗಿ ಮಿಡಿಯುತ್ತವೆ. ಸೆಕೆಂಡಿಗೆ 13ರಿಂದ 30 ಸಲ ಏಳುವ ಇದಕ್ಕೆ ಬೀಟಾ ಅಲೆ ಎನ್ನುತ್ತೇವೆ. ನಾವು ಕೈ ಎತ್ತುವ ಮುಂಚೆ ಈ ಅಲೆ ತಗ್ಗಬೇಕು. ಇವರಲ್ಲಿ ಅದು ಸಾಕಷ್ಟು ತಗ್ಗುವುದಿಲ್ಲ. ಹಾಗಾಗಿ ಹೊರಡುವುದೇ ಕಷ್ಟ.

1990ರಲ್ಲಿ ಅಮೆರಿಕದ ನರವಿಜ್ಞಾನಿ ಮಹ್ಲಾನ್ ಡಿಲಾಂಗ್ ತಂಡ ಪಾರ್ಕಿನ್‌ಸನ್ ಲಕ್ಷಣ ಬರಿಸಿದ ಕೋತಿಗಳಲ್ಲಿ ಈ ಗಂಟನ್ನೇ ಕೆಡಿಸಿತು. ಅವು ಮತ್ತೆ ಓಡಾಡತೊಡಗಿದವು! ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಾಬಿದ್ ಮುಂದೆ ಇದೇ ಜಾಗಕ್ಕೆ ಎಲೆಕ್ಟ್ರೋಡ್ ಇಟ್ಟು ಕರೆಂಟ್ ಕೊಟ್ಟರು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಶನ್) ಶಸ್ತ್ರಚಿಕಿತ್ಸೆ ಇದೆ. ರೋಗಿ ಬಹಳ ಸಲ ಎಚ್ಚರವಾಗಿಯೇ ಇರುತ್ತಾರೆ. ಕೋಶಗಳ ಮಿಡಿತವನ್ನು ಹಿಡಿಯುವ ಕೂದಲೆಳೆಯಂಥ ತಂತಿ ಕೆಳಗಿಳಿಯುತ್ತಿದ್ದಂತೆ, ಅದನ್ನು ಕೇಳಿಸುವ ಸ್ಪೀಕರಿನಲ್ಲಿ ಬರೀ ಸುಯ್ ಎನ್ನುತ್ತಿದ್ದ ಸದ್ದು ಒಮ್ಮೆಗೇ ದಟ್ಟವಾಗುತ್ತದೆ, ಚಟಪಟ ಶುರುವಾಗುತ್ತದೆ. ಜಾಗ ಸಿಕ್ಕಿತು ಎಂದು ಆಗ ಗೊತ್ತಾಗುತ್ತದೆ. ಕರೆಂಟ್ ಕೊಟ್ಟರೆ ಸೆಟೆದ ಮಣಿಕಟ್ಟು ನನ್ನ ಕೈಯಲ್ಲೇ ಸಡಿಲವಾಗುತ್ತದೆ. ಬೀಟಾ ಅಲೆಯನ್ನು ಓದಿ ತಾನೇ ಕರೆಂಟ್ ಹೆಚ್ಚುಕಡಿಮೆ ಮಾಡುವ ಸಾಧನಕ್ಕೆ ಅಮೆರಿಕ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಎಲ್ಲರಿಗೂ ಇದು ಬೇಕಿಲ್ಲ. ಹೆಚ್ಚಿನವರಿಗೆ ವರ್ಷಗಟ್ಟಲೆ, ಮಿದುಳಿನಲ್ಲಿ ಡೋಪಮಿನ್ ಆಗುವ ಲೆವೊಡೋಪಾ ಮಾತ್ರೆಯೇ ಸಾಕಾಗುತ್ತದೆ, ಅದೂ ಬೀಟಾ ಅಲೆಯನ್ನು ತಗ್ಗಿಸುತ್ತದೆ.

ನಡುಕ ಮಾತ್ರ ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಅದರ ತಾಳ ಸೆಕೆಂಡಿಗೆ 4ರಿಂದ 6, ಬೀಟಾ ತಗ್ಗಿದರೂ ಅದು ಉಳಿಯಬಹುದು. "ನಡುಕ ಹೋಗಲಿಲ್ಲ ಡಾಕ್ಟ್ರೇ" ಎಂದು ಮಾತ್ರೆಯನ್ನು ಸುಮ್ನೆ ಬಿಟ್ಟುಬಿಡುವವರು ಇದ್ದಾರೆ. ಹಾಗೆ ಥಟ್ಟನೆ ನಿಲ್ಲಿಸುವುದು ಅಪಾಯ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಂಗಿ ಗುಂಡಿ ಹಾಕಲು ಎಷ್ಟು ಹೊತ್ತು ಬೇಕು, ರಾತ್ರಿ ಮಗ್ಗುಲು ಬದಲಿಸಲು ಆಗುತ್ತದೆಯೇ, ಅದನ್ನು ನೋಡಿ ಬಂದು ಹೇಳಿ.