ಹುಲ್ಲು ಕತ್ತರಿಸುವ ಹಳೇ ಮಷೀನಿನಿಂದ ಪೆಟ್ರೋಲ್ ಸೋರುತ್ತಿದೆ, ಕಾರ್ಬುರೇಟರ್ ಬದಲಿಸಲೇಬೇಕಾ?

ಧಾರವಾಡದಿಂದ ಬಂದು ಪುಣೆಯ ಪಾಷಾಣ್‌ನಲ್ಲಿ ನೆಲೆಸಿದ ಓದುಗರೊಬ್ಬರ ಪ್ರಶ್ನೆ: "ಮಳೆ ಶುರುವಾಯ್ತು, ಹುಲ್ಲು ಮೊಣಕಾಲೆತ್ತರ ಬಂತು. ಮಷೀನು ಹೊರಗೆ ತೆಗೆದರೆ ಏರ್ ಫಿಲ್ಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಮೆಕ್ಯಾನಿಕ್ ಹೊಸ ಕಾರ್ಬುರೇಟರ್ ಹಾಕಿಸಿ ಅನ್ನುತ್ತಾರೆ. ಹಾಕಿಸಲೇ?"

ಸದ್ಯಕ್ಕೆ ಬೇಡ. ಮೊದಲು ಪೆಟ್ರೋಲ್ ಕಾಕ್ (ಟ್ಯಾಂಕಿನಿಂದ ಬರುವ ಪೆಟ್ರೋಲಿನ ನಲ್ಲಿ) ಮುಚ್ಚಿ, ಮಷೀನನ್ನು ಬಯಲಿಗೆ ತನ್ನಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಿಚ್ಚಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ತುಂಬಿ ನಿಲ್ಲುತ್ತದೆ.

ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ ಅಂಚಲ್ಲಿ ಮಾತ್ರ ಒದ್ದೆಯಾಗಿದ್ದರೆ ತಪ್ಪು ಗ್ಯಾಸ್ಕೆಟ್‌ನದು, ಅಂದರೆ ಅಂಚಿನ ಸಂದು ಮುಚ್ಚುವ ಪಟ್ಟಿಯದು. ನಿಮ್ಮ ಹಾಗೆ ಫಿಲ್ಟರ್ ಕಡೆಯಿಂದ ಬಂದರೆ ಅದು ಓವರ್‌ಫ್ಲೋ. ತಾರಸಿ ಟ್ಯಾಂಕಿನಲ್ಲಿ ಬಾಲ್ ಮೇಲೇರಿದಾಗ ನೀರು ನಿಲ್ಲುತ್ತದಲ್ವಾ? ಇಲ್ಲೂ ಅದೇ. ಬಟ್ಟಲೊಳಗೆ ತೇಲುವ ಫ್ಲೋಟ್ ಮೇಲೇಳುತ್ತದೆ, ನೀಡಲ್ ಅನ್ನುವ ಸಣ್ಣ ಮೊಳೆ ಹೋಗಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಅಲ್ಲಿ ಒಂದು ಕಣ ಕಸ ಕೂತರೂ ಪೆಟ್ರೋಲ್ ನಿಲ್ಲುವುದಿಲ್ಲ.

ಬಟ್ಟಲು ಬಿಚ್ಚಿ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ಅದು ತೂತು, ಬದಲಿಸಿ. ಆಮೇಲೆ ನೀಡಲ್ ತುದಿಯನ್ನು ಬೆಳಕಿಗೆ ಹಿಡಿಯಿರಿ. ನಮ್ಮ ಮಷೀನಿನಲ್ಲಿ ಕಪ್ಪು ರಬ್ಬರ್ ತುದಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ ಬಿದ್ದಿತ್ತು. ಅಷ್ಟೇ ಸಾಕು ಸೋರುವುದಕ್ಕೆ! ಹೊಸದು ತರಲು ನಾನಾ ಪೇಠ್‌ನ ಸ್ಪೇರ್ ಅಂಗಡಿಗಳಿಗೆ ಹೋದರೆ ಹಳೇ ನೀಡಲ್ ಜೇಬಿನಲ್ಲಿರಲಿ. ಬಾಯಿಮಾತಿನಲ್ಲಿ ಅಳತೆ ಹೇಳಿದರೆ ತಪ್ಪುತ್ತದೆ. ನೀಡಲ್ ಹೋಗಿ ಕೂರುವ ಸೀಟನ್ನೂ ನೋಡಿ, ಕೆಲವು ಮಾಡೆಲ್‌ಗಳಲ್ಲಿ ಅದೂ ರಬ್ಬರಿನದೇ. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ 20% ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಅದರಲ್ಲಿ ಉಬ್ಬುತ್ತದೆ, ಎಥನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಸೀಸನ್ ಮುಗಿದ ಮೇಲೆ ಟ್ಯಾಂಕು, ಬಟ್ಟಲು ಎರಡನ್ನೂ ಖಾಲಿ ಮಾಡಿಯೇ ಮಷೀನು ಒಳಗಿಡಿ.

ತುಂಬಾ ಜನ ಮರೆಯುವುದು ಇಂಜಿನ್ ಆಯಿಲ್. ಸೋರಿದ ಪೆಟ್ರೋಲ್ ಸಿಲಿಂಡರ್ ಮೂಲಕ ಆಯಿಲ್ ಸೇರಿರಬಹುದು. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಗುರುತಿಗಿಂತ ಜಾಸ್ತಿ ಇದೆಯಾ? ನೀರಿನ ಹಾಗೆ ತೆಳುವಾಗಿ, ಪೆಟ್ರೋಲ್ ವಾಸನೆ ಬರುತ್ತಿದೆಯಾ? ಹಾಗಿದ್ದರೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ, ಆಯಿಲ್ ಪೂರ್ತಿ ಬದಲಿಸಿ. ಸ್ಟಾರ್ಟ್ ಮಾಡುವ ಹಗ್ಗ ಎಳೆಯಲು ಬಾರದಷ್ಟು ಬಿಗಿಯಾಗಿದ್ದರೆ ಸಿಲಿಂಡರ್‌ನಲ್ಲೇ ಪೆಟ್ರೋಲ್ ನಿಂತಿರಬಹುದು. ಸುಮ್ನೆ ಜೋರು ಮಾಡಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು, ಅದರ ವೈರನ್ನು ದೂರ ಕಟ್ಟಿ, ನಿಧಾನವಾಗಿ ಎಳೆಯಿರಿ.

ಎಲ್ಲ ಜೋಡಿಸಿದ ಮೇಲೆ ಕಾರ್ಬುರೇಟರ್ ಕೆಳಗೆ ಒಣ ಪೇಪರ್ ಹಾಸಿ, ಕಾಕ್ ತೆರೆದು ಹತ್ತು ನಿಮಿಷ ಕಾಯಿರಿ. ಪೇಪರ್ ಒಣಗಿಯೇ ಇದ್ದರೆ ಹಗ್ಗ ಎಳೆಯಿರಿ.